ಅರ್ಧ ಪ್ಯಾಕೆಟ್ ಅಕ್ಕಿ

ಬುಡಾಪೆಸ್ಟ್‌ನ ಈ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಒಂದು ಶೆಲ್ಫ್ ಇದೆ. ಊರು ಬಿಡುವವರು ಉಳಿದದ್ದನ್ನು ಅಲ್ಲಿ ಇಟ್ಟು ಹೋಗ್ತಾರೆ. ಬಂದವರು ತಗೋಬಹುದು.

ಇವತ್ತು ಅರ್ಧ ಪ್ಯಾಕೆಟ್ ಅಕ್ಕಿ ಇತ್ತು, ತಳದಲ್ಲಿ ಸ್ವಲ್ಪ ಎಣ್ಣೆ ಉಳಿದ ಬಾಟಲಿ, ಕೆಂಪು ಪಾಪ್ರಿಕಾ ಪುಡಿ. ಅಕ್ಕಿ ಪ್ಯಾಕೆಟ್ಟಿನ ಬಾಯಿಗೆ ಯಾರೋ ತಮ್ಮ ಜಡೆಯ ರಬ್ಬರ್ ಬ್ಯಾಂಡ್ ಹಾಕಿದ್ದರು, ಚೆಲ್ಲದಿರಲಿ ಅಂತ. ಮುಂದೆ ಬರೋರು ಯಾರೆಂದೇ ಗೊತ್ತಿಲ್ಲ, ಆದರೂ ಇಷ್ಟು ಜೋಪಾನ!

ಒಲೆ ಹತ್ತಿರ ನಿಂತಿದ್ದ ಚಿಲಿ ದೇಶದ ಹುಡುಗಿಯ ಬಳಿ ಈರುಳ್ಳಿ ಇತ್ತು. ಇಬ್ಬರೂ ಸೇರಿ ಅನ್ನ ಮಾಡಿಕೊಂಡೆವು. ಪಾಪ್ರಿಕಾ ಒಳ್ಳೇ ಬಣ್ಣ ಕೊಟ್ಟಿತು, ಖಾರ ಮಾತ್ರ ಇರಲಿಲ್ಲ.

ಊಟ ಆದಮೇಲೆ ಚೈನ್ ಬ್ರಿಡ್ಜ್ ಮೇಲೆ ನಡೆದು ಪೆಸ್ಟ್‌ನಿಂದ ಬುಡಾ ಕಡೆಗೆ ಹೋದೆವು. 1849ರಲ್ಲಿ ಈ ಸೇತುವೆ ತೆರೆದಾಗ ಇವೆರಡೂ ಬೇರೆ ಬೇರೆ ಊರು. ಒಂದಾಗಿದ್ದು 1873ರಲ್ಲಿ. 1945ರಲ್ಲಿ ಜರ್ಮನ್ ಸೇನೆ ಸೇತುವೆಯನ್ನು ಸ್ಫೋಟಿಸಿತು, 1949ರಲ್ಲಿ ಮತ್ತೆ ಕಟ್ಟಿ ತೆರೆದರು.

ನಮ್ಮ ಕಡೆ ಪರಿಚಯ ಅಂದರೆ ಯಾವೂರು, ಯಾರ ಪೈಕಿ, ಏನು ಕೆಲಸ. ಇಲ್ಲಿ ಮೊದಲು ಕೇಳೋದು, ಮುಂದೆ ಎಲ್ಲಿಗೆ? ಅವಳ ಹೆಸರು ಕೇಳಿದ್ದೇ ಸೇತುವೆ ದಾಟಿದ ಮೇಲೆ. ನನಗಿದು ತುಂಬಾ ಹಿಡಿಸಿದೆ. ಹಿಂದುಮುಂದು ಏನೂ ಗೊತ್ತಿಲ್ಲದೆ ಒಬ್ಬರ ಜೊತೆ ಉಂಡು, ನಗಾಡಿ, ಮೈಲುಗಟ್ಟಲೆ ನಡೆಯಬಹುದು ಅಂತ ಊರಲ್ಲಿದ್ದಾಗ ಅನ್ನಿಸಿರಲಿಲ್ಲ.

ಅವಳು ವಿಯೆನ್ನಾದಿಂದ ಬಂದವಳು, ನಾನು ನಾಳೆ ಅಲ್ಲಿಗೇ. ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಅಗ್ಗ, ಬಿಡಬೇಡ ಅಂದಳು. ನೋಡೇ ಹೊರಡ್ತೀನಿ. ವಿಯೆನ್ನಾ ಕಡೆ ಯಾರಾದರೂ ಇದ್ದರೆ ಮೆಸೇಜ್ ಹಾಕಿ, ಸಿಗೋಣ.