ಮೆಟ್ಟಿಲ ಮೇಲೆ ಇಬ್ಬರು

ನಿನ್ನೆ ರಾತ್ರಿ ಅಮೆರಿಕದ ನಿರ್ದೇಶಕ ಜಾನ್ ಕಸಾವಿಟೀಸ್ ಅವರ ‘ಫೇಸಸ್’ ನೋಡಿದೆ. 1968ರ ಕಪ್ಪು ಬಿಳುಪು ಸಿನಿಮಾ. ದೊಡ್ಡ ಸ್ಟುಡಿಯೋದ ಹಂಗಿಲ್ಲದೆ, ಸ್ವಂತ ಮನೆಯನ್ನೇ ಸೆಟ್ ಮಾಡಿಕೊಂಡು ತೆಗೆದದ್ದು. ಗಂಡ ಇನ್ನೊಬ್ಬಳ ಹತ್ತಿರ ಹೋಗುತ್ತಾನೆ. ಹೆಂಡತಿ ಇನ್ನೊಬ್ಬನನ್ನು ಮನೆಗೆ ಕರೆತರುತ್ತಾಳೆ. ಕಥೆ ಇಷ್ಟೇ. ಆದರೆ ಆ ನಗು! ಎಲ್ಲರೂ ಅತಿಯಾಗಿ ನಗುತ್ತಾರೆ, ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ ಬಂದಾಗ ಅದರ ಹಿಂದಿನ ಸುಸ್ತು ಕಾಣುತ್ತದೆ. ಹೆಂಡತಿಯ ಪಾತ್ರ ಮಾಡಿದ ಲಿನ್ ಕಾರ್ಲಿನ್‌ಗೆ ಇದೇ ಮೊದಲ ಸಿನಿಮಾ ಅಂದರೆ ನಂಬೋಕಾಗಲ್ಲ.

ಕೊನೆಯಲ್ಲಿ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಾ ಕೆಮ್ಮುತ್ತಾರೆ. ಒಬ್ಬರು ಎದ್ದು ಹೋಗಬೇಕೆಂದರೂ ಇನ್ನೊಬ್ಬರ ಕಾಲು ದಾಟಬೇಕು. ಗುಟ್ಟು ಬಯಲಾದ ಮೇಲೂ ಇರೋದು ಅದೇ ಮನೆ, ಅದೇ ಮೆಟ್ಟಿಲು, ಅಲ್ವಾ? ಬೆಳಿಗ್ಗೆಯಿಂದ ಆ ಕೆಮ್ಮು ಕಿವಿಯಲ್ಲೇ ಇದೆ.