ರಿಟೈರ್ ಆದ ಮೇಲೆ ಎಲ್ಲಿ ಇರೋದು: ಕಲಬುರಗಿಯೋ, ಬೀದರೋ, ಯಾದಗಿರಿಯೋ?

ಪಿಂಚಣಿಗೆ ಇನ್ನೂ ಎರಡು-ಮೂರು ವರ್ಷ ಇರುವಾಗಲೇ ಈ ಪ್ರಶ್ನೆ ಶುರುವಾಗುತ್ತದೆ. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೌಕರಿ ಮಾಡಿದವರು ಕೇಳುತ್ತಾರೆ. ತಾಲೂಕಿನಿಂದ ತಾಲೂಕಿಗೆ ವರ್ಗವಾಗುತ್ತ ಎಲ್ಲೂ ಸ್ವಂತ ಮನೆ ಮಾಡದ ಮಾಸ್ತರರು, ಬ್ಯಾಂಕಿನವರು ಕೇಳುತ್ತಾರೆ. "ನಮ್ಮ ಕಡೀಗೇ ಬಂದು ಇರಬೇಕಂತ ಮಾಡೀವಿ. ಕಲಬುರಗಿ ಛಲೋನೋ, ಬೀದರ್ ಛಲೋನೋ? ಇಲ್ಲಾ ಯಾದಗಿರಿಯೊಳಗ ಒಂದು ಪ್ಲಾಟ್ ಹಿಡಿದು ಬಿಡೋಣೇನು?"

ಊರು ಆರಿಸುವಾಗ ಎಪ್ಪತ್ತೆಂಟರ ವಯಸ್ಸನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ ಅನ್ನುವುದೇ ನನ್ನ ಉತ್ತರ. ಅರವತ್ತಕ್ಕೆ ಯಾವ ಊರಾದರೂ ನಡೆಯುತ್ತದೆ. ಸ್ಕೂಟರ್ ಓಡಿಸುತ್ತೀರಿ, ಟ್ಯಾಂಕರಿನವನ ಜೊತೆ ಜಗಳ ಆಡುತ್ತೀರಿ, ಮಧ್ಯಾಹ್ನದ ಬಿಸಿಲಲ್ಲೂ ಬ್ಯಾಂಕಿಗೆ ಹೋಗಿ ಬರುತ್ತೀರಿ. ಎಪ್ಪತ್ತೈದು ದಾಟಿದ ಮೇಲೆ, ಅದೂ ಇಬ್ಬರಲ್ಲಿ ಒಬ್ಬರೇ ಉಳಿದಾಗ, ಊರಿನ ನಿಜವಾದ ಗುಣ ತಿಳಿಯುತ್ತದೆ. ಬಹಳ ಮಂದಿ ಪ್ಲಾಟಿನ ದರ ನೋಡಿ ಊರು ಆರಿಸುತ್ತಾರೆ. ದರಕ್ಕಿಂತ ಮೊದಲು ನೋಡಬೇಕಾದದ್ದು ಮೂರು: ಆಸ್ಪತ್ರೆಗೆ ಎಷ್ಟು ನಿಮಿಷ, ಮನೆಯ ಕೆಳಗೆ ಯಾವ ಮಣ್ಣು, ನೀರು ಎಲ್ಲಿಂದ ಬರುತ್ತದೆ.

ಆಸ್ಪತ್ರೆಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಹೃದಯಾಘಾತ ಎಂದು ಗೊತ್ತಾದ ಮೇಲೆ ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆಯಲು ಎರಡು ಗಂಟೆಯೊಳಗಿನ ಸಮಯ ಒಳ್ಳೆಯದು. ಅಷ್ಟರಲ್ಲಿ ತಲುಪಲು ಆಗದಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುತ್ತಾರೆ. ಲಕ್ವ ಹೊಡೆದರೆ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ಗಡುವು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ರಾತ್ರಿ ಎರಡು ಗಂಟೆಗೆ ಈ ಊರಿನಲ್ಲಿ ಸ್ಕ್ಯಾನ್ ಎಲ್ಲಿ ನಡೆಯುತ್ತದೆ, ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಎಲ್ಲಿ ತೆರೆದಿರುತ್ತದೆ?

ಈ ಲೆಕ್ಕದಲ್ಲಿ ಕಲಬುರಗಿ ಬಹಳ ಮುಂದಿದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಇಲ್ಲಿ ಉದ್ಘಾಟನೆಯಾಯಿತು (ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ನೇ ಜೆ ವಿಧಿಯ ನೆನಪಿಗೆ ಈ ಸಂಖ್ಯೆ). ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಸೇಡಂ ರಸ್ತೆಯಲ್ಲಿ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ವೈದ್ಯಕೀಯ ಕಾಲೇಜು ಇದೆ, ಎಂ.ಆರ್. ಮೆಡಿಕಲ್ ಕಾಲೇಜಿನ ಬಸವೇಶ್ವರ ಆಸ್ಪತ್ರೆ ಇದೆ. ಇ.ಎಸ್.ಐ. ವಿಷಯದಲ್ಲಿ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದ ಕಾರ್ಮಿಕರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ-ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಕಾರ್ಖಾನೆಯಲ್ಲಿ ದುಡಿದವರು ನಿವೃತ್ತಿಯ ಕಾಗದದ ಜೊತೆಗೇ ಇದನ್ನು ಮಾಡಿಸಿಕೊಂಡು ಬಿಡಬೇಕು.

ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬೀದರಿನಲ್ಲೂ ಇದೆ (ಬ್ರಿಮ್ಸ್), ಯಾದಗಿರಿಯಲ್ಲೂ ಇದೆ (ಯಿಮ್ಸ್). ದಿನನಿತ್ಯದ ಶುಗರ್, ಬಿ.ಪಿ., ಜ್ವರ, ಮುರಿದ ಕೈಗೆ ಸಾಕು. ದೊಡ್ಡ ತೊಂದರೆಗೆ ಬೀದರಿನವರು ಜಹೀರಾಬಾದ್ ದಾಟಿ ಸುಮಾರು 140 ಕಿ.ಮೀ. ಹೈದರಾಬಾದಿಗೆ ಓಡುತ್ತಾರೆ; ಊರೊಳಗಿನ ಟ್ರಾಫಿಕ್ ಸೇರಿದರೆ ಮೂರು ಗಂಟೆ. ಯಾದಗಿರಿಯಿಂದ ಕಲಬುರಗಿಗೆ 80 ಕಿ.ಮೀ. ಆಸುಪಾಸು. ಹಾಗಾಗಿ ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರು, ಕಿಡ್ನಿ ತೊಂದರೆ ಇರುವವರು ಬೀದರಿನ ಹವೆಗೆ ಮನಸೋಲುವ ಮುನ್ನ ಇದನ್ನು ಯೋಚಿಸಲಿ. ಬೀದರಿಗೆ ಹೋಗುವುದೇ ಆದರೆ ನಿಮ್ಮ ವಿಮೆಯ ನಗದುರಹಿತ ಪಟ್ಟಿಯಲ್ಲಿ ಹೈದರಾಬಾದಿನ ಯಾವ ಆಸ್ಪತ್ರೆಗಳಿವೆ ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ನಮ್ಮ ರಾಜ್ಯದ ಯೋಜನೆಯ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಸುಮ್ಮನೆ ನಂಬಿ ಕೂರಬೇಡಿ.

ಬೀದರಿನ ಹವೆ ನಿಜವಾಗಿಯೂ ಬೇರೆ. ಊರು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಜಂಬಿಟ್ಟಿಗೆ ಪ್ರಸ್ಥಭೂಮಿಯ ಮೇಲಿದೆ. ಕಲಬುರಗಿ 450ರ ಸುಮಾರು, ಯಾದಗಿರಿ 390ರ ಸುಮಾರು. ಮೇ ತಿಂಗಳಲ್ಲಿ ಕಲಬುರಗಿ 42-44 ಡಿಗ್ರಿ ಮುಟ್ಟಿದಾಗ ಬೀದರ್ ಎರಡು-ಮೂರು ಡಿಗ್ರಿ ಕಡಿಮೆ ಇರುತ್ತದೆ, ರಾತ್ರಿ ಬೇಗ ತಣಿಯುತ್ತದೆ. ವಯಸ್ಸಾದವರಿಗೆ ರಾತ್ರಿಯ ಆ ತಂಪೇ ಮುಖ್ಯ. ಬಾಯಾರಿಕೆ ತಿಳಿಯುವುದು ಕಡಿಮೆಯಾಗಿರುತ್ತದೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಮೈಯ ನೀರು ಇನ್ನೂ ಬೇಗ ಇಳಿಯುತ್ತದೆ. ಬ್ಯಾಸಗಿ ಬರುವ ಮುನ್ನ, ಮಾರ್ಚಿನಲ್ಲೇ, ಮಾತ್ರೆಯ ಪ್ರಮಾಣವನ್ನು ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳಿ. ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಖಾತೆ, ನೋಂದಣಿಯ ಓಡಾಟ ಆ ಎರಡು ತಿಂಗಳಲ್ಲಿ ಇಟ್ಟುಕೊಂಡರೆ ಬೆಳಿಗ್ಗೆಯೇ ಹೊರಡಬೇಕು.

ಬೀದರಿಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಹಾಕ್ ಜೆಟ್‌ಗಳು ಹಾರುತ್ತಿರುತ್ತವೆ. ಪ್ಲಾಟ್ ನೋಡಲು ಭಾನುವಾರ ಹೋದವರಿಗೆ ಸದ್ದು ಕೇಳಿಸುವುದೇ ಇಲ್ಲ. ವಾರದ ದಿನ ಹೋಗಿ, ಹಗಲು ಪೂರ್ತಿ ಅಲ್ಲೇ ಕೂತು ನೋಡಿ. ನೆಲೆಗೆ ಹತ್ತಿರದ ಜಾಗವಾದರೆ ಕಟ್ಟಡದ ಎತ್ತರಕ್ಕೆ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕೋ ಎಂದೂ ವಿಚಾರಿಸಿ.

ಇನ್ನು ಮಣ್ಣು. ಮನೆಗೆ ಹಾಕಿದ ದುಡ್ಡು ಸೋರಿ ಹೋಗುವುದು ಹೆಚ್ಚಾಗಿ ಇಲ್ಲೇ. ಕಲಬುರಗಿಯ ಸುತ್ತಮುತ್ತ, ಜೇವರ್ಗಿ, ಆಳಂದ ಕಡೆ, ಯಾದಗಿರಿ ಜಿಲ್ಲೆಯಲ್ಲಿ ಶಹಾಪುರದ ಕಡೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ತೊಗರಿ-ಜೋಳಕ್ಕೆ ಬಂಗಾರ, ಮನೆಗೆ ವೈರಿ. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮನೆಯ ಒಂದು ಮೂಲೆ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಮಳೆಗಾಲದಲ್ಲಿ ಬಿಗಿಯಾಗಿ ಬ್ಯಾಸಗಿಯಲ್ಲಿ ಸಡಿಲಾಗುವ ಬಾಗಿಲು ಇದರ ಗುರುತು. ಹಳೇ ಮನೆ ಕೊಳ್ಳುವವರು ಮೇ ತಿಂಗಳಲ್ಲೇ ನೋಡಬೇಕು. ಆಗ ಬಿರುಕು ಪೂರ್ತಿ ತೆರೆದಿರುತ್ತದೆ. ಹೊಸದಾಗಿ ಪುಟ್ಟಿ ಹಚ್ಚಿ ಬಣ್ಣ ಬಳಿದಿದ್ದರೆ ಪಕ್ಕದ ಎರಡು ಮನೆಗಳ ಗೋಡೆ ನೋಡಿಕೊಂಡು ಬನ್ನಿ.

ಖಾಲಿ ಪ್ಲಾಟಾದರೆ ಅಡ್ವಾನ್ಸ್ ಕೊಡುವ ಮುನ್ನ ಗುಂಡಿ ತೋಡಿಸಿ ಎರೆ ಎಷ್ಟು ಆಳದವರೆಗಿದೆ ನೋಡಿ. ಎರಡು-ಮೂರು ಅಡಿಗೇ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಅಥವಾ ಫರ್ಸಿ ಕಲ್ಲು ಸಿಕ್ಕರೆ ಅದೃಷ್ಟ. ಎರೆಯನ್ನು ಪೂರ್ತಿ ತೆಗೆಸಿ, ಗಟ್ಟಿ ತಳದ ಮೇಲೆ ಪಾಯ ಕೂಡಿಸಬಹುದು. ಮನೆಯ ನೆಲದ ಕೆಳಗಿನ ಭರ್ತಿಗೆ ಗರಸನ್ನು 15 ಸೆಂ.ಮೀ. ಪದರಗಳಲ್ಲಿ ನೀರು ಹಾಕಿ ಬಡಿಸಬೇಕು. ತೆಗೆದ ಎರೆಯನ್ನೇ ಮತ್ತೆ ಒಳಗೆ ತುಂಬುವುದು ಮೇಸ್ತ್ರಿಗಳ ಹಳೇ ಚಾಳಿ, ಎದುರಿಗೆ ನಿಂತು ತಡೆಯಿರಿ. ಎರೆ ಬಹಳ ಆಳವಿದ್ದರೆ ಅಂಡರ್ ರೀಮ್ಡ್ ಪೈಲ್ ಬೇಕು. ಇದು ಸುಮಾರು 30 ಸೆಂ.ಮೀ. ವ್ಯಾಸದ ಕಂಬ, ಕೆಳಗೆ ಅದರ ಎರಡೂವರೆ ಪಟ್ಟು ಅಗಲದ ಗಡ್ಡೆ, ಆಳ ಮೂರೂವರೆ ಮೀಟರಿನಷ್ಟು. ತೇವ ಏರಿಳಿಯುವ ಪದರದ ಕೆಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಪೈಲುಗಳನ್ನು ಜೋಡಿಸುವ ತೊಲೆಯ ಕೆಳಗೆ ಸುಮಾರು 8 ಸೆಂ.ಮೀ. ಖಾಲಿ ಜಾಗ ಬಿಡಲೇಬೇಕು. ಬಿಡದಿದ್ದರೆ ಉಬ್ಬಿದ ಮಣ್ಣು ತೊಲೆಯನ್ನೇ ಎತ್ತುತ್ತದೆ, ಪೈಲಿಗೆ ಹಾಕಿದ ಖರ್ಚು ದಂಡ. ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹೊರಗೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಮಾಳಿಗೆಯ ನೀರು ಪಾಯದ ಬುಡಕ್ಕೆ ಬೀಳದಂತೆ ಮಾಡಿ. ಬೇವು ಬೇಕೇ ಬೇಕು ಅನ್ನುವವರು ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ನೆಡಲಿ.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಗೋಳಿಲ್ಲ, ಪಾಯ ಸಲೀಸು. ಆದರೆ ಆ ಕಲ್ಲು ಜಾಲರಿಯಂತೆ ತೂತು. ಮೇಲಿನ ಕೊಳಕು ಬೇಗ ಕೆಳಗಿನ ನೀರಿಗೆ ಇಳಿಯುತ್ತದೆ. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಗೂ ಬಾವಿ ಅಥವಾ ಬೋರಿಗೂ ಕನಿಷ್ಠ 15 ಮೀಟರ್ ಅಂತರವಿರಲಿ. 30×40 ಪ್ಲಾಟಿನಲ್ಲಿ ಪಕ್ಕದವರ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ತೂತು ಕಲ್ಲನ್ನೇ ನಂಬಿ ಬಹಮನಿಯರ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ಕೊರೆದರು ಎನ್ನುವುದು ಬೇರೆ ಮಾತು. ಯಾದಗಿರಿ ಊರಿನ ಸುತ್ತ ಗ್ರಾನೈಟ್ ಬಂಡೆ, ಮರಳು ಮಿಶ್ರಿತ ಕೆಂಪು ಮಣ್ಣು, ಪಾಯಕ್ಕೆ ಒಳ್ಳೆಯದು. ಅಲ್ಲಿ ನೋಡಬೇಕಾದದ್ದು ಭೀಮಾ ನದಿ. 2020ರ ಅಕ್ಟೋಬರಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪ್ಲಾಟ್ ಮಾರುವವನನ್ನು ಕೇಳಬೇಡಿ, ಆ ಓಣಿಯ ಕಿರಾಣಿ ಅಂಗಡಿಯವನನ್ನು ಕೇಳಿ.

ಕುಡಿಯುವ ನೀರು ಕಲಬುರಗಿಗೆ ಭೀಮಾ ಮತ್ತು ಬೆಣ್ಣೆತೊರೆಯಿಂದ, ಬೀದರಿಗೆ ಕಾರಂಜಾದಿಂದ, ಯಾದಗಿರಿಗೆ ಭೀಮೆಯಿಂದ. ಮೂಲ ಯಾವುದೇ ಇರಲಿ, ಆ ಓಣಿಯಲ್ಲಿ ಏಪ್ರಿಲಿನಲ್ಲಿ ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆ ಎಂದು ಕೇಳಿ ಲೆಕ್ಕ ಹಾಕಿ. ತಲಾ 135 ಲೀಟರಿನಂತೆ ಇಬ್ಬರಿಗೆ ದಿನಕ್ಕೆ 270. ಕೂಲರ್ ಹಗಲು ಎಂಟು ಗಂಟೆ ಓಡಿದರೆ ಇನ್ನೂ 40-80 ಲೀಟರ್ ಬೇಕು. (ನಮ್ಮ ಒಣ ಸೆಖೆಗೆ ಎ.ಸಿ.ಗಿಂತ ಕೂಲರೇ ಲೇಸು, ಆದರೆ ಅದು ನೀರು ಕುಡಿಯುತ್ತದೆ.) ಎಂಟು ದಿನಕ್ಕೊಮ್ಮೆ ನಳ ಬರುವ ಕಡೆ ಹೀಗೆ 2,800 ಲೀಟರಾಗುತ್ತದೆ. ಒಂದು ಸರದಿ ತಪ್ಪಿದರೂ ತಡೆಯಬೇಕೆಂದರೆ 6,000 ಲೀಟರಿನ ಸಂಪು ಕಟ್ಟಿಸಿ, ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇಡಿ. ಬೋರ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಸುಣ್ಣಕಲ್ಲಿನ ನೆಲದಲ್ಲಿ ಗಡಸುತನ ಹೆಚ್ಚು, ಕೆಲವು ಕಡೆ ಫ್ಲೋರೈಡ್. ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ., ನೈಟ್ರೇಟ್ 45 ಮಿ.ಗ್ರಾಂ. ಮೀರಬಾರದು. ಕುದಿಸುವುದರಿಂದ ಇವೆರಡೂ ಹೋಗುವುದಿಲ್ಲ, ಆರ್.ಒ. ಬೇಕು.

ಕಾಗದಪತ್ರದಲ್ಲಿ ನಮ್ಮ ಭಾಗಕ್ಕೆ ವಿಶೇಷವಾದ ತೊಡಕುಗಳಿವೆ. ನಿಜಾಮರ ಕಾಲದ ಇನಾಮು ಭೂಮಿ, ವಕ್ಫ್ ದಾಖಲೆಯ ಭೂಮಿ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಇವೆಲ್ಲ ಲೇಔಟಾಗಿ ಮಾರಾಟಕ್ಕೆ ಬಂದಿರಬಹುದು. ಮಂಜೂರಾದ ಜಮೀನನ್ನು ಅನುಮತಿ ಇಲ್ಲದೆ ಕೊಂಡಿದ್ದರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಕ್ರಯವೇ ರದ್ದಾಗುತ್ತದೆ. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿ ಇಲ್ಲ ಅನ್ನುತ್ತದೆ, ಬಹಳ ವರ್ಷ ಕಳೆದವು ಅನ್ನುವ ವಾದವನ್ನೇ ನಂಬಿ ಕೂರಬೇಡಿ. ಆದ್ದರಿಂದ ಪ್ಲಾಟಿನ ಪತ್ರ ನೋಡಿ ಸುಮ್ಮನಾಗದೆ ಮೂಲ ಸರ್ವೆ ನಂಬರಿನ ಹಳೇ ಪಹಣಿಗಳನ್ನು ತೆಗೆಸಿ. ಎನ್.ಎ. (ಕೃಷಿಯೇತರ ಬಳಕೆಯ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಅಂತಿಮ ಅನುಮೋದನೆ, ನಿವೇಶನ ಬಿಡುಗಡೆ ಆದೇಶ, 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಇ-ಖಾತಾ ಎಲ್ಲ ಕೈಗೆ ಬರಲಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಮಾರು 2004ರಿಂದ ಈಚಿನ ಇ.ಸಿ. ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಹಾಕಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ನಮೂನೆ 11ಬಿ (ಅನುಮೋದನೆ ಪೂರ್ತಿಯಾಗದ ಆಸ್ತಿಯ ದಾಖಲೆ) ತೋರಿಸಿದರೆ ವಕೀಲರಿಗೆ ಕಾಣಿಸದೆ ಮುಂದುವರಿಯಬೇಡಿ. ಖರ್ಚಿನ ಅಂದಾಜಿಗೆ: ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ 5.6 ಶೇಕಡಾ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2 ಶೇಕಡಾ ಆಗಿದೆ. 30 ಲಕ್ಷದ ಪ್ಲಾಟಿಗೆ ಹೀಗೆ 2 ಲಕ್ಷ 28 ಸಾವಿರ.

ಮನೆ ಕಟ್ಟಿಸುವುದಾದರೆ ಒಂದೇ ಅಂತಸ್ತು ಸಾಕು. ಬಾತ್‌ರೂಮಿನ ಬಾಗಿಲು ಮೂರು ಅಡಿ, ಹೊಸ್ತಿಲಿಲ್ಲದೆ. ಶಹಾಬಾದ ಫರ್ಸಿ ಕಾಲಿಗೆ ತಂಪು, ಆದರೆ ಪಾಲಿಶ್ ಮಾಡಿದ್ದು ನೀರು ಬಿದ್ದರೆ ಜಾರುತ್ತದೆ. ಬಚ್ಚಲಿಗೆ ಒರಟು ಮೈಯದ್ದೇ ಹಾಕಿಸಿ. ಮಾಳಿಗೆಗೆ ಬಿಳಿ ಲೇಪನ ಕಡ್ಡಾಯ. 3 ಕಿಲೋವ್ಯಾಟ್ ಸೋಲಾರಿಗೆ ಸುಮಾರು 300 ಚದರ ಅಡಿ ಬೇಕು, ಕೇಂದ್ರದ ಸಬ್ಸಿಡಿ 78,000 ರೂಪಾಯಿ. ನೆರಳಿನ ಲಾಭ ಬೇರೆ.

ಓಡಾಟಕ್ಕೆ ರೈಲನ್ನೇ ನಂಬಿ. ಕಲಬುರಗಿ, ಯಾದಗಿರಿ ಎರಡೂ ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿವೆ, ಉದ್ಯಾನ್ ಎಕ್ಸ್‌ಪ್ರೆಸ್ ಎರಡೂ ಕಡೆಯಿಂದ ಬೆಂಗಳೂರಿಗೆ ಹೋಗುತ್ತದೆ. ಬೀದರ್–ಕಲಬುರಗಿ ಹಳಿ 2017ರಲ್ಲಿ ಪೂರ್ತಿಯಾಯಿತು. ವಿಮಾನ ಸೇವೆಗಳು ಶುರುವಾಗುತ್ತವೆ, ನಿಂತು ಹೋಗುತ್ತವೆ. ಅವನ್ನು ನೋಡಿ ಊರು ಆರಿಸುವುದು ಸಲ್ಲದು. ಮಕ್ಕಳು ಹೈದರಾಬಾದಿನಲ್ಲಿದ್ದು ನಿಮ್ಮ ಹೃದಯ ಗಟ್ಟಿಯಿದ್ದರೆ ಬೀದರ್. ಹಳೇ ಕಾಯಿಲೆ ಇದ್ದರೆ, ಅಥವಾ ಮಕ್ಕಳು ದೂರ ದೇಶದಲ್ಲಿದ್ದರೆ ಕಲಬುರಗಿ, ಅದೂ ದೊಡ್ಡ ಆಸ್ಪತ್ರೆಗೆ ಆಟೋದಲ್ಲಿ ಕಾಲು ಗಂಟೆಯೊಳಗಿನ ಓಣಿ. ಹೊಲ, ಅಣ್ಣತಮ್ಮಂದಿರು ಆ ಜಿಲ್ಲೆಯಲ್ಲೇ ಇದ್ದು ದಿನಾ ಬಾಗಿಲು ತಟ್ಟುವ ಜನ ಇದ್ದರೆ ಮಾತ್ರ ಯಾದಗಿರಿ.

ಯಾವುದೇ ಆಗಲಿ, ಮೊದಲು 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ, ಏಪ್ರಿಲ್-ಮೇ ಮತ್ತು ಆಗಸ್ಟ್-ಸೆಪ್ಟೆಂಬರ್ ಎರಡೂ ಅದರೊಳಗೆ ಬರುವಂತೆ. ಅಲ್ಲಿಯವರೆಗೆ ಬೆಂಗಳೂರಿನ ಮನೆ ಮಾರಬೇಡಿ. ಮಾರಿದ ದಿನದಿಂದ ತೆರಿಗೆಯ ಗಡಿಯಾರ ಓಡಲು ಶುರು: ಬಂಡವಾಳ ಲಾಭದ ವಿನಾಯಿತಿ ಬೇಕೆಂದರೆ 2 ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬೇಕು, ಇಲ್ಲವೇ 3 ವರ್ಷದೊಳಗೆ ಕಟ್ಟಿ ಮುಗಿಸಬೇಕು. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಬಳಸದೆ ಉಳಿದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭದ ಖಾತೆಯಲ್ಲಿ ಇಡಬೇಕು. ಉಳಿತಾಯ ಖಾತೆಯಲ್ಲೇ ಬಿಟ್ಟರೆ ವಿನಾಯಿತಿ ಸಿಗುವುದಿಲ್ಲ.