ನನ್ ಹೆಸ್ರು ಐತೆ, ಅವ್ರದ್ದೆಲ್ಲೈತಪ್ಪಾ?

"ನನ್ ಹೆಸ್ರು ಐತೆ. ಕಂಟ್ರಾಕ್ಟರಂದು ಎಲ್ಲೈತಪ್ಪಾ?"

ಜಗಳೂರು ಕಡೆಯ ಒಂದು ಹಳ್ಳಿಯ ಕಟ್ಟೆ ಮೇಲೆ ಭಾನುವಾರ ಒಬ್ಬ ಅಕ್ಕ ಕೇಳಿದ್ದು ಇದು. ನಾವು ದಾವಣಗೆರೆಯಿಂದ, ಸರ್ಕಾರದ ಲೆಕ್ಕಪತ್ರ ಜನರಿಗೆ ಸುಲಭವಾಗಿ ಸಿಗಲಿ ಅಂತ ಮಾಡಿದ ನಮ್ಮ ಸಂಸ್ಥೆಯ ಆ್ಯಪ್ ತೋರಿಸಲು ಹೋಗಿದ್ದೆವು. ಸಂಸ್ಥೆ ಅಂದರೆ, ಇನ್ನೂ ಹುಟ್ಟಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು, ಆರು ಜನ ಇದ್ದೇವೆ. ಏಳನೆಯವನು ಮೇಷ್ಟ್ರು. "ಸರ್ಕಾರಿ ನೌಕರಿ ಕಣೋ, ನನ್ನ ಹೆಸರು ಬೇಡ" ಅಂತ ಜಾರಿಕೊಂಡ.

ಸರ್ಕಾರ ಮಾಹಿತಿ ಕೊಡುವುದೇ ಇಲ್ಲ ಅನ್ನುವುದು ಸುಳ್ಳು. ಕೊಡುತ್ತದೆ, ಹುಡುಕಲು ಆಗದ ಹಾಗೆ. ಎಷ್ಟೋ ಆದೇಶಗಳು ಸೊಟ್ಟಗೆ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಹಳೇ ನುಡಿ ಫಾಂಟಿನವನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಕನ್ನಡ ಮಾಯ, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಅವನ್ನೆಲ್ಲ ಎಲ್ಲ ಕಡೆ ಓದಲು ಬರುವ ಯುನಿಕೋಡ್‌ಗೆ ತರಲು ನಮ್ಮ ಸಾಫ್ಟ್‌ವೇರ್ ಗೆಳೆಯ ರಾತ್ರಿಗಟ್ಟಲೆ ಕೂತಿದ್ದಾನೆ. ಬುದ್ಧಿವಂತ. ಆದರೆ ಎದುರಿನವರ ಮಾತು ಮುಗಿಯುವ ಮುಂಚೆಯೇ ಉತ್ತರ ರೆಡಿ ಇಟ್ಟುಕೊಂಡಿರುತ್ತಾನೆ.

ಸುಲಭವಾಗಿ ಸಿಕ್ಕಿದ್ದು ಉದ್ಯೋಗ ಖಾತ್ರಿ ಲೆಕ್ಕ. ಪಂಚಾಯಿತಿವಾರು ಕೂಲಿಕಾರರ ಹೆಸರು, ದಿನ, ಕೂಲಿ ಎಲ್ಲ ಸರ್ಕಾರದ ಜಾಲತಾಣದಲ್ಲೇ ಇದೆ. ಹಾಗಾಗಿ ಆ್ಯಪ್‌ಗೆ ಮೊದಲು ಸೇರಿದ್ದೂ ಅದೇ. ಗೆಳೆಯ ಅಕ್ಕನ ಜಾಬ್ ಕಾರ್ಡ್ ನಂಬರ್ ಒತ್ತಿದ. ಹೆಸರು, ಆರು ದಿನದ ಹಾಜರಿ, ದುಡ್ಡು ಜಮಾ ಆದ ತಾರೀಕು ಬಂದವು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು.

"ಇದನ್ನ ಯಾರ್ ಬೇಕಾದ್ರೂ ನೋಡ್ಬೋದಾ?"

"ಹೂಂ ಅಕ್ಕ, ಅದಕ್ಕೇ ಮಾಡಿರೋದು!"

"ಸಂಘದೋರೂ?"

ಸಂಘ ಅಂದರೆ ವಾರವಾರ ಕಂತು ಕೇಳಲು ಬರುವ ಮೈಕ್ರೋಫೈನಾನ್ಸ್‌ನವರು. ದುಡ್ಡು ಬಂದಿಲ್ಲ ಅಂತ ಅವರಿಗೆ ಒಂದು ವಾರ ಹೇಳಿ ತಪ್ಪಿಸಿಕೊಳ್ಳುವುದೂ ಬದುಕಿನ ಲೆಕ್ಕವೇ ಅಲ್ವಾ? ಗೆಳೆಯ ಮಾತಾಡಲಿಲ್ಲ. ಆಗ ಅಕ್ಕ ಜಲ್ಲಿ ಎದ್ದುಹೋದ ಊರ ರಸ್ತೆ ಕಡೆ ಕೈ ತೋರಿಸಿ ಆ ಪ್ರಶ್ನೆ ಕೇಳಿದಳು.

"ಟೆಂಡರ್ ಜಾಲತಾಣದಲ್ಲಿ ಇರುತ್ತೆ ಅಕ್ಕ" ಅಂತ ಶುರು ಮಾಡಿದವನು ಅಲ್ಲೇ ನಿಲ್ಲಿಸಿದ. ಎಷ್ಟು ಉದ್ದ, ಎಷ್ಟು ದಪ್ಪ ಹಾಕಿದರು ಅಂತ ಬರೆಯುವ ಅಳತೆ ಪುಸ್ತಕ ಇರುವುದು ಕಚೇರಿಯ ಬೀರುವಿನಲ್ಲಿ. ನೋಡಬೇಕಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ, ಅಂದರೆ ಆರ್‌ಟಿಐ ಅರ್ಜಿ ಹಾಕಬೇಕು, 30 ದಿನ ಕಾಯಬೇಕು.

ವಾಪಸ್ ಬರುವಾಗ ಬೈಕಿನ ಮೇಲೆ ಗೆಳೆಯ ಜಗಳಕ್ಕೇ ಬಿದ್ದ. ಕೂಲಿಯವರ ಹೆಸರನ್ನು ಆ್ಯಪ್ನಿಂದ ತೆಗೆದರೆ ಕಳ್ಳ ಹಾಜರಿ ಹಿಡಿಯೋದು ಹೇಗೆ ಅಂತ. ಅವನ ಮಾತೂ ನಿಜ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನರ ಮುಂದೆ ಹಾಜರಿ ಪಟ್ಟಿ ಓದಿಸಲು ಶುರು ಮಾಡಿತು. ಕೆಲಸಕ್ಕೇ ಬಾರದವರ ಹೆಸರಲ್ಲಿ ಕೂಲಿ ಎತ್ತಿದ್ದು ಹಾಗೇ ಬಯಲಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಆದರೆ ಅಲ್ಲಿ ಲೆಕ್ಕ ಕೇಳಿದ್ದು ಕೂಲಿಯವರೇ, ಓದಿದ್ದು ಊರವರ ಎದುರಿಗೆ. ನಾವು ಅದನ್ನು ಊರಿಗೆ ಸಂಬಂಧವೇ ಇಲ್ಲದವರ ಜೇಬಿಗೂ ಹಾಕುತ್ತಿದ್ದೇವೆ.

ಇನ್ನೊಂದು ಕಡೆ ನೋಡಿ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಆರ್‌ಟಿಐನ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ ಕೊಡದಿರಲು ಬಿಡುವ ಕಲಮನ್ನೇ ತಿದ್ದಿತು. 'ವೈಯಕ್ತಿಕ' ಅಂತ ಹೇಳಿ ಅರ್ಜಿ ತಿರಸ್ಕರಿಸುವುದು ಈಗ ಮೊದಲಿಗಿಂತ ಸಲೀಸು. ಕೂಲಿಯ ಆರು ದಿನದ ಲೆಕ್ಕ ಜಗಜ್ಜಾಹೀರು, ಸಾಹೇಬರದು ಮಾತ್ರ ವೈಯಕ್ತಿಕ!

ಅವತ್ತು ಸಂಜೆ ಮಂಡಕ್ಕಿ, ಮಿರ್ಚಿ ಮುಂದೆ ಇಟ್ಟುಕೊಂಡು ಆರೂ ಜನ ಕಿತ್ತಾಡಿದೆವು. ಕೊನೆಗೆ ಆ್ಯಪ್‌ನಲ್ಲಿ ಮೊದಲು ಕಾಮಗಾರಿ, ಗುತ್ತಿಗೆದಾರ, ಮೊತ್ತ ಬರಲಿ, ಕೂಲಿಯವರ ಹೆಸರಿನ ವಿಷಯ ಅವರನ್ನೇ ಕೇಳಿ ತೀರ್ಮಾನಿಸೋಣ ಅಂತಾಯಿತು. ಗೆಳೆಯ ಇನ್ನೂ ಮುನಿಸಿಕೊಂಡಿದ್ದಾನೆ, ಆದರೆ ಕೋಡ್ ಬದಲಾಯಿಸುತ್ತಿದ್ದಾನೆ.

ಬುಧವಾರ ಆ ರಸ್ತೆಯ ಅಳತೆ ಪುಸ್ತಕದ ನಕಲು ಕೇಳಿ ನನ್ನ ಹೆಸರಲ್ಲೇ ಅರ್ಜಿ ಕೊಟ್ಟು ಬಂದೆ. ಟಪಾಲಿನಲ್ಲಿ ಕೂತಿದ್ದವರು ಪೋಸ್ಟಲ್ ಆರ್ಡರ್ ತಿರುಗಿಸಿ ನೋಡಿ, "ನಿಮ್ಗ್ಯಾಕೆ ಸಾರ್ ಆ ಊರಿನ ರಸ್ತೆ?" ಅಂದರು. ಕಾಯ್ದೆಯ 6(2)ರ ಪ್ರಕಾರ ಕಾರಣ ಹೇಳಬೇಕಾಗಿಲ್ಲ. ಆದರೂ ಹೇಳಿದೆ. ಒಂದು ಗಳಿಗೆ ಸುಮ್ನೆ ನೋಡಿ ಸೀಲು ಹೊಡೆದರು.